ಐನ್‌ಸ್ಟೈನರ ಮಹಾಧಮನಿ

ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ನಮ್ಮೂರು ಕಿರಂಗೂರಿನ ಬನ್ನಿಮಂಟಪದಿಂದ. ಅಂಥ ಊರಿನವನೊಬ್ಬ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯೊಳಗಿನ ರಕ್ತನಾಳವನ್ನು ಕುರಿತು ಬರೆಯಲು ಹೊರಟದ್ದೇಕೆಂದು ಕೇಳುವ ಹಕ್ಕು ವಾಚಕರಿಗೆ ಉಂಟು. ಕಾರಣ ನಮ್ಮ ತಾತ.

ತಾತನಿಗೆ ಹತ್ತಾರು ವರ್ಷಗಳಿಂದ ಉಬ್ಬಸ. ಚಿಕ್ಕಂದಿನಿಂದ ಬೀಡಿ, ಅದರ ಮೇಲೆ ಸುಗ್ಗಿಯಲ್ಲಿ ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸ. ಹೋದ ವರ್ಷ ಕೆಮ್ಮು ಹೆಚ್ಚಾಯಿತೆಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎದೆಗೆ ಕೊಳವೆಯಿಟ್ಟು ಕೇಳಿದ ತರುಣ ವೈದ್ಯರು ಅಷ್ಟಕ್ಕೇ ಬಿಡದೆ, ತಾತನನ್ನು ಅಂಗಾತ ಮಲಗಿಸಿ ಹೊಕ್ಕುಳಿನ ಮೇಲ್ಭಾಗವನ್ನು ಎರಡು ಅಂಗೈಗಳಿಂದ ಮೆಲ್ಲಗೆ ಒತ್ತಿ ನೋಡಿದರು. ಹೊಟ್ಟೆಯ ಸ್ಕ್ಯಾನಿಂಗ್‌ಗೂ ಬರೆದುಕೊಟ್ಟರು. ಎದೆಯ ರೋಗಕ್ಕೆ ಹೊಟ್ಟೆಯೇಕೆ ಎಂದು ನಮ್ಮ ಚಿಕ್ಕಪ್ಪ ಕೇಳಿದಾಗ ಆ ವೈದ್ಯರು ನಕ್ಕು, ಐನ್‌ಸ್ಟೈನ್ ಸತ್ತದ್ದು ಏತರಿಂದ ಗೊತ್ತೇ ಎಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಸಾಪೇಕ್ಷತಾವಾದದ ಸಮೀಕರಣವನ್ನು ಬಾಯಿಪಾಠ ಮಾಡಿದ್ದೆವೇ ಹೊರತು ಆ ಮನುಷ್ಯನಿಗೆ ಒಂದು ಹೊಟ್ಟೆಯೂ ಇತ್ತೆಂಬುದನ್ನು ನಾವು ಯೋಚಿಸಿದವರಲ್ಲ. ಅಂದಿನಿಂದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಐನ್‌ಸ್ಟೈನರು ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್ ಎಂಬ ಪಟ್ಟಣದಲ್ಲಿ. ತಂದೆ ಹರ್ಮನ್‌ರದು ವ್ಯಾಪಾರ. ತಾಯಿ ಪೌಲಿನೆ ಸಂಗೀತಪ್ರಿಯೆ. ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ 1900ರಲ್ಲಿ ವ್ಯಾಸಂಗ ಮುಗಿಸಿದ ಮೇಲೆ ಕೆಲಸಕ್ಕಾಗಿ ಅಲೆದದ್ದು, 1902ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಗಿರಿಗೆ ಸಮನಾದ ಹುದ್ದೆ ದೊರೆತದ್ದು, ಆ ಮೇಜಿನ ಬಳಿ ಕುಳಿತೇ 1905ರಲ್ಲಿ ಭೌತಶಾಸ್ತ್ರವನ್ನು ತಲೆಕೆಳಗು ಮಾಡಿದ್ದು, 1915ರಲ್ಲಿ ಗುರುತ್ವದ ಹೊಸ ಸಿದ್ಧಾಂತ, 1919ರ ಗ್ರಹಣದಲ್ಲಿ ಅದಕ್ಕೆ ಪುರಾವೆ, 1921ರ ನೊಬೆಲ್ ಬಹುಮಾನ - ಇವೆಲ್ಲ ನಮ್ಮ ಭೌತಶಾಸ್ತ್ರದ ಮೇಷ್ಟ್ರುಗಳು ನನಗಿಂತ ಚೆನ್ನಾಗಿ ಹೇಳಬಲ್ಲ ಸಂಗತಿಗಳು. ನಾನು ಹೇಳಹೊರಟಿರುವುದು ಅವರ ದೇಹದ ಚರಿತ್ರೆ. ಅದನ್ನು ಬರೆದವರು ಕಡಮೆ. ಅವರೂ ಅದನ್ನು ಅಷ್ಟಾಗಿ ಗಮನಿಸಿದವರಲ್ಲ.

ನೋಡುವುದಕ್ಕೆ ಗಟ್ಟಿಮುಟ್ಟಾದ ಆಳು. ಆದರೂ 1901ರಲ್ಲಿ ಸ್ವಿಟ್ಜರ್ಲೆಂಡಿನ ಪೌರತ್ವ ದೊರೆತು ಸೈನ್ಯದ ತಪಾಸಣೆಗೆ ಹೋದಾಗ ಚಪ್ಪಟೆ ಪಾದ, ಕಾಲಿನಲ್ಲಿ ಗಂಟುಗಟ್ಟಿದ ನರ ಎಂದು ಅವರನ್ನು ಹಿಂದಕ್ಕೆ ಕಳಿಸಿದರು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ 1917ರಲ್ಲಿ ಬರ್ಲಿನ್‌ನಲ್ಲಿ ಒಂಟಿಯಾಗಿದ್ದಾಗ ಹೊಟ್ಟೆಯ ಬೇನೆ ಹಿಡಿಯಿತು. ಊಟ ಹೊತ್ತಿಗೆ ಸರಿಯಾಗಿಲ್ಲ, ನಿದ್ರೆಗೆ ನೇಮವಿಲ್ಲ, ಯೋಚನೆಯೊಂದು ಬಿಟ್ಟು ಮತ್ತೇನೂ ಇಲ್ಲ. ತೂಕ ಇಳಿಯಿತು, ಎದ್ದು ಓಡಾಡುವಂತಾಗಲು ವರ್ಷಗಳೇ ಬೇಕಾದುವು. ಆಗ ಶುಶ್ರೂಷೆ ಮಾಡಿದ ಸೋದರಸಂಬಂಧಿ ಎಲ್ಸಾರನ್ನೇ 1919ರಲ್ಲಿ ಎರಡನೆಯ ಮದುವೆಯಾದರು. ಶ್ವಾಸಕೋಶದ ರೋಗವೂ ಆ ಕುಟುಂಬಕ್ಕೆ ಅಪರಿಚಿತವಾಗಿರಲಿಲ್ಲ. ಮೊದಲ ಹೆಂಡತಿ ಮಿಲೇವಾರ ಕಿರಿಯ ಮಗ ಎಡುಆರ್ಡ್ ಬಾಲ್ಯದಲ್ಲಿ ಎದೆಯ ಬೇನೆಯಿಂದ ನರಳಿ, ಆರೋಸಾ ಎಂಬ ಬೆಟ್ಟದೂರಿನ ಆರೋಗ್ಯಧಾಮದಲ್ಲಿ ಇರಬೇಕಾಯಿತು.

1928ರ ಮಾರ್ಚ್ ತಿಂಗಳಲ್ಲಿ ನಡೆದದ್ದು ಇನ್ನೂ ವಿಚಿತ್ರ. ಸ್ವಿಟ್ಜರ್ಲೆಂಡಿನ ದಾವೋಸ್ ಆಗ ಕ್ಷಯರೋಗಿಗಳ ಊರು. ಎದೆ ಕೆಟ್ಟು ಓದು ನಿಲ್ಲಿಸಿ ಅಲ್ಲಿ ಮಲಗಿದ್ದ ತರುಣ ವಿದ್ಯಾರ್ಥಿಗಳಿಗೆ ಪಾಠದ ರುಚಿ ತಪ್ಪದಿರಲೆಂದು ವಿಶ್ವವಿದ್ಯಾಲಯದ ಮಟ್ಟದ ಉಪನ್ಯಾಸಮಾಲೆಯೊಂದನ್ನು ಏರ್ಪಡಿಸಿದರು; ಅದರ ಪ್ರಾರಂಭೋಪನ್ಯಾಸ ಮಾಡಿದವರು ಐನ್‌ಸ್ಟೈನರು. ಅದೇ ಸ್ವಿಟ್ಜರ್ಲೆಂಡ್ ಪ್ರವಾಸದಲ್ಲಿ ಅವರು ತಾವೇ ಕುಸಿದರು. ಹೃದಯ ಹಿಗ್ಗಿದೆಯೆಂದು ವೈದ್ಯರು ಹೇಳಿದರು. ಬರ್ಲಿನ್‌ನಲ್ಲಿ ಯಾನೋಷ್ ಪ್ಲೆಶ್ ಎಂಬ ವೈದ್ಯಮಿತ್ರರು ತಿಂಗಳುಗಟ್ಟಲೆ ಹಾಸಿಗೆಯಲ್ಲಿಟ್ಟು ಉಪ್ಪಿಲ್ಲದ ಊಟ ಕೊಟ್ಟು ಮೇಲೆಬ್ಬಿಸಿದರು. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲೇ ಪತ್ರವ್ಯವಹಾರಕ್ಕೆಂದು ಹೆಲೆನ್ ಡೂಕಾಸ್ ಎಂಬ ಕಾರ್ಯದರ್ಶಿನಿ ನೇಮಕವಾದರು. ಐನ್‌ಸ್ಟೈನರ ಕೊನೆಯವರೆಗೂ ಆಕೆ ಅವರ ಮನೆಯಲ್ಲೇ ಇದ್ದರು.

ಈ ಎಲ್ಲ ಕಾಲದಲ್ಲೂ ಅವರ ಬಾಯಲ್ಲಿ ಪೈಪು. ಅದು ಯೋಚನೆಗೆ ಸಹಾಯಕವೆಂದು ಅವರು ನಂಬಿದ್ದರು. ಮನೆಯಿಂದ ಕಚೇರಿಗೆ ನಡೆಯುವಾಗ ಹಿಂದೆ ಹೊಗೆಯ ಜಾಡು. ವೈದ್ಯರು ಹೊಗೆಸೊಪ್ಪು ಬೇಡವೆಂದ ಮೇಲೂ ಬೆಂಕಿಯಿಲ್ಲದ ಬರಿಯ ಪೈಪನ್ನು ಕಚ್ಚಿಕೊಂಡು ಕೂರುತ್ತಿದ್ದರು. ಮಾಂಟ್ರಿಯಲ್ ನಗರದ ಪೈಪು ಸೇದುವವರ ಸಂಘ 1950ರಲ್ಲಿ ಅವರನ್ನು ಆಜೀವ ಸದಸ್ಯರನ್ನಾಗಿ ಮಾಡಿಕೊಂಡಿತು. ಅದೇ 1950ರಲ್ಲಿ ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಎಂಬಿಬ್ಬರು ಹೊಗೆಸೊಪ್ಪಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಪ್ರಕಟಿಸಿದ್ದರು. ಆ ಸುದ್ದಿಯೆಲ್ಲ ಎದೆಗೆ ಸಂಬಂಧಿಸಿದ್ದು. ಹೊಟ್ಟೆಯೊಳಗೆ ಹೊಗೆ ಏನು ಮಾಡೀತು ಎಂದು ಆಗ ಕೇಳುವವರಿರಲಿಲ್ಲ.

ನಾಜಿಗಳ ಕಾಟದಿಂದ ಜರ್ಮನಿಯನ್ನು ತೊರೆದು 1933ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಸೇರಿದ ಐನ್‌ಸ್ಟೈನರಿಗೆ ಹಳೆಯ ಹೊಟ್ಟೆನೋವು ಆಗಾಗ ಮರುಕಳಿಸುತ್ತಿತ್ತು. ಮೇಲುಹೊಟ್ಟೆಯಲ್ಲಿ ನೋವು, ವಾಂತಿ. ಎರಡು ಮೂರು ದಿನ ಇದ್ದು ಹೋಗುವುದು. ಕೆಲವು ತಿಂಗಳ ಮೇಲೆ ಮತ್ತೆ. 1948ರ ಕೊನೆಯಲ್ಲಿ ಅವರನ್ನು ಪರೀಕ್ಷಿಸಿದ ಶಸ್ತ್ರವೈದ್ಯರ ಕೈಗೆ ಹೊಟ್ಟೆಯ ನಡುವೆ ನಾಡಿಯಂತೆ ಮಿಡಿಯುವ ಗಡ್ಡೆಯೊಂದು ತಗುಲಿತು. ಈ ಶಸ್ತ್ರವೈದ್ಯರ ಹೆಸರು ರುಡಾಲ್ಫ್ ನಿಸ್ಸೆನ್.

ಇಲ್ಲಿ ನಿಸ್ಸೆನ್ನರ ವಿಷಯವನ್ನು ಸ್ವಲ್ಪ ಹೇಳಲೇಬೇಕು. 1896ರಲ್ಲಿ ಹುಟ್ಟಿದ ಇವರು ಐನ್‌ಸ್ಟೈನರಂತೆಯೇ ಜರ್ಮನಿಯ ಯೆಹೂದಿ; ಬರ್ಲಿನ್‌ನಲ್ಲಿ ಪ್ರಸಿದ್ಧ ಎದೆಶಸ್ತ್ರವೈದ್ಯ ಸೌವರ್‌ಬ್ರುಖ್‌ರ ಸಹಾಯಕರಾಗಿದ್ದವರು. 1931ರಲ್ಲಿ, ರೋಗದಿಂದ ಕೆಟ್ಟುಹೋಗಿದ್ದ ಬಾಲಕಿಯೊಬ್ಬಳ ಒಂದು ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆದು ಆಕೆಯನ್ನು ಬದುಕಿಸಿದರು. ಜಗತ್ತಿನಲ್ಲಿ ಅಂಥ ಶಸ್ತ್ರಕ್ರಿಯೆ ಸಫಲವಾದದ್ದು ಅದೇ ಮೊದಲು. 1933ರಲ್ಲಿ ಅವರೂ ದೇಶ ಬಿಟ್ಟರು. ಮೊದಲು ಇಸ್ತಾಂಬುಲ್, ಆಮೇಲೆ ನ್ಯೂಯಾರ್ಕ್. ಹೀಗೆ, ಬರ್ಲಿನ್‌ನಿಂದ ಓಡಿಬಂದ ಶ್ವಾಸಕೋಶದ ಶಸ್ತ್ರವೈದ್ಯರೊಬ್ಬರು ಬರ್ಲಿನ್‌ನಿಂದ ಓಡಿಬಂದ ಭೌತಶಾಸ್ತ್ರಜ್ಞರೊಬ್ಬರ ಹೊಟ್ಟೆಯನ್ನು ಬ್ರೂಕ್ಲಿನ್‌ನ ಯೆಹೂದಿ ಆಸ್ಪತ್ರೆಯಲ್ಲಿ ತೆರೆದರು. ಅದು 1948ರ ಡಿಸೆಂಬರ್.

ಪಿತ್ತಕೋಶದ ಕಲ್ಲೇನೋ ಎಂಬ ಅನುಮಾನವೂ ಇತ್ತು. ಪಿತ್ತಕೋಶ ಚೆನ್ನಾಗಿತ್ತು. ಕೆಟ್ಟಿದ್ದದ್ದು ಮಹಾಧಮನಿ. ಹೃದಯದಿಂದ ಹೊರಟ ಈ ದೊಡ್ಡ ರಕ್ತನಾಳ ಬೆನ್ನುಮೂಳೆಯ ಮುಂದೆ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಒಂದೊಂದು ಕಾಲಿಗೆ ಹೋಗುತ್ತದೆ. ಪಟ್ಟಣದ ಮೇಲುಗಡೆ ಕಾವೇರಿ ಇಬ್ಭಾಗವಾಗುವುದನ್ನು ಕಂಡವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಕಾವೇರಿ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ, ಧಮನಿ ಆಗುವುದಿಲ್ಲ, ಅಷ್ಟೇ ಭೇದ. ಹೊಟ್ಟೆಯ ಭಾಗದಲ್ಲಿ ಇದರ ಅಡ್ಡಳತೆ ಸುಮಾರು 2 ಸೆಂಟಿಮೀಟರು. 3 ಸೆಂಟಿಮೀಟರಿಗೆ ಬಂದರೆ ಅದನ್ನು ವೈದ್ಯರು ಉಬ್ಬು ಎಂದು ಲೆಕ್ಕಹಾಕುತ್ತಾರೆ. ಅವರ ಭಾಷೆಯಲ್ಲಿ ಅನ್ಯೂರಿಸಂ. ಐನ್‌ಸ್ಟೈನರದು ಸಣ್ಣ ಚಕ್ಕೋತದ ಹಣ್ಣಿನಷ್ಟಿತ್ತು.

ಸೈಕಲ್ಲಿನ ಹಳೆಯ ಟ್ಯೂಬು ಒಂದು ಕಡೆ ಬಡ್ಡಾಗಿ ಬುಗ್ಗೆಯೆದ್ದರೆ ಆ ಬುಗ್ಗೆ ದೊಡ್ಡದಾಗುತ್ತಲೇ ಹೋಗುವುದನ್ನು ನಾವು ನೋಡಿದ್ದೇವೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ನಾಳ ಅಗಲವಾದಷ್ಟೂ ಅದರ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ; ಇದು ಲಾಪ್ಲಾಸ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ನಿಯಮ. ದ್ರವದ ಮೇಲ್ಮೈ ಎಳೆತವನ್ನು ಕುರಿತ ಪಾಠದಲ್ಲಿ ಅದು ಬರುತ್ತದೆ. ಐನ್‌ಸ್ಟೈನರು 1901ರಲ್ಲಿ ಪ್ರಕಟಿಸಿದ ಮೊತ್ತಮೊದಲ ಪ್ರಬಂಧದ ವಿಷಯವೂ ಸಣ್ಣ ಕೊಳವೆಗಳಲ್ಲಿ ದ್ರವದ ಅದೇ ವರ್ತನೆ. ತಮ್ಮ ಹೊಟ್ಟೆಯಲ್ಲಿ ನಡೆಯುತ್ತಿದ್ದುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಕಾಲದಲ್ಲಿ ಇದಕ್ಕೆ ತಕ್ಕ ಚಿಕಿತ್ಸೆಯಿರಲಿಲ್ಲ. ಉಬ್ಬನ್ನು ಕತ್ತರಿಸಿ ತೆಗೆದು ಬೇರೆ ನಾಳ ಹೊಲಿಯುವ ಕೆಲಸವನ್ನು ಪ್ಯಾರಿಸ್ಸಿನ ಷಾರ್ಲ್ ದ್ಯುಬೊ ಮೊದಲು ಮಾಡಿದ್ದು 1951ರಲ್ಲಿ. ನಿಸ್ಸೆನ್ನರು ಮಾಡಿದ್ದಿಷ್ಟು: ಮಿಠಾಯಿ ಸುತ್ತಲು ಬಳಸುವಂಥ ಸೆಲೋಫೇನ್ ಹಾಳೆಯನ್ನು ಉಬ್ಬಿಗೆ ಸುತ್ತಿದರು. ಆ ಹಾಳೆಯನ್ನು ದೇಹ ಪರಕೀಯವೆಂದು ಕಂಡು ಅದರ ಸುತ್ತ ಗಟ್ಟಿಯಾದ ನಾರು ಕಟ್ಟುತ್ತದೆ; ಆ ನಾರು ಗೋಡೆಗೆ ಒತ್ತಾಸೆಯಾಗುತ್ತದೆ. ಒಡೆಯುತ್ತಿರುವ ಕೆರೆಯ ಏರಿಗೆ ಮಣ್ಣಿನ ಮೂಟೆ ಒಟ್ಟಿದಂತೆ. ಕೆಲವು ವಾರಗಳ ಮೇಲೆ ಐನ್‌ಸ್ಟೈನರು ಮನೆಗೆ ಹೋದರು. ಆ ಮೂಟೆಗಳು ಆರು ವರ್ಷಕ್ಕೂ ಮೇಲ್ಪಟ್ಟು ತಡೆದುವು. ನಿಸ್ಸೆನ್ನರು ಮುಂದೆ 1952ರಲ್ಲಿ ಯೂರೋಪಿಗೆ ಹಿಂತಿರುಗಿ ಬಾಸೆಲ್‌ನಲ್ಲಿ ಪ್ರಾಧ್ಯಾಪಕರಾದರು. ಎದೆಯುರಿಗೆ ಅವರು ಕಂಡುಹಿಡಿದ ಶಸ್ತ್ರಕ್ರಿಯೆ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತದೆ.

ಆ ಗೋಡೆ ಬಡ್ಡಾದದ್ದೇಕೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಐನ್‌ಸ್ಟೈನರ ಕಾಲವಾದ ಮೇಲೆ, ಅದೂ ತುಂಡುತುಂಡಾಗಿ, ಅದೂ ಶ್ವಾಸಕೋಶದ ಕಡೆಯಿಂದ.

1963ರಲ್ಲಿ ಸ್ವೀಡನ್ ದೇಶದ ಮಾಲ್ಮೋ ನಗರದಲ್ಲಿ ಲೌರೆಲ್ ಮತ್ತು ಎರಿಕ್ಸನ್ ಎಂಬ ಇಬ್ಬರು ರೋಗಿಗಳ ರಕ್ತದ ಪ್ರೋಟೀನುಗಳನ್ನು ವಿಂಗಡಿಸಿ ನೋಡುತ್ತಿದ್ದಾಗ, ಐದು ಜನರ ರಕ್ತದಲ್ಲಿ ಒಂದು ಪಟ್ಟಿಯೇ ಕಾಣಲಿಲ್ಲ. ಆ ಐವರಲ್ಲಿ ಮೂವರಿಗೆ ಎಂಫಿಸೀಮ, ಎಂದರೆ ಶ್ವಾಸಕೋಶದ ಗಾಳಿಗೂಡುಗಳು ಹರಿದು ದೊಡ್ಡ ದೊಡ್ಡ ಪೊಟರೆಗಳಾಗುವ ರೋಗ. ಇಲ್ಲದೆ ಹೋದ ಪ್ರೋಟೀನಿನ ಕೆಲಸ ಕಾವಲು. ನಮ್ಮ ಬಿಳಿ ರಕ್ತಕಣಗಳಲ್ಲಿ ಎಲಾಸ್ಟೇಸ್ ಎಂಬ ಕತ್ತರಿಯಂಥ ವಸ್ತುವಿದೆ. ಕ್ರಿಮಿಗಳನ್ನು ಕತ್ತರಿಸಲು ಇಟ್ಟುಕೊಂಡದ್ದು. ಅದು ಸ್ವಂತ ದೇಹವನ್ನೇ ಕತ್ತರಿಸದಂತೆ ತಡೆಯುವುದು ಈ ಕಾವಲಿನವನು. ಅದಾದ ಎರಡು ವರ್ಷಕ್ಕೆ, 1965ರಲ್ಲಿ, ಅಮೆರಿಕದ ವಿಜ್ಞಾನಿಗಳು ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೈನ್ ಎಂಬ ವಸ್ತುವನ್ನು ಇಲಿಗಳ ಶ್ವಾಸಕೋಶಕ್ಕೆ ಬಿಟ್ಟು ಅದೇ ಎಂಫಿಸೀಮವನ್ನು ಉಂಟುಮಾಡಿದುದನ್ನು ಪ್ರಕಟಿಸಿದರು. ಗಟ್ಟಿ ಮಾಂಸ ಬೇಯಲೆಂದು ಪರಂಗಿಕಾಯಿ ಹಾಕುವ ನಮ್ಮ ಮನೆಯ ಹೆಂಗಸರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಪಪೈನ್ ಮತ್ತು ಎಲಾಸ್ಟೇಸ್ ಎರಡೂ ಕತ್ತರಿಸುವುದು ಎಲಾಸ್ಟಿನ್ ಎಂಬ ನೂಲನ್ನು. ರಬ್ಬರಿನಂತೆ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಈ ನೂಲಿನಿಂದಲೇ ಎದೆಯೊಳಗಿನ ಗಾಳಿಗೂಡು ಉಸಿರು ಬಿಡುತ್ತದೆ. ಈ ನೂಲಿನಿಂದಲೇ ಮಹಾಧಮನಿ ಪ್ರತಿಯೊಂದು ಮಿಡಿತಕ್ಕೂ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ದೇಹ ಇದನ್ನು ನೇಯುವುದು ಹುಟ್ಟುವ ಮೊದಲು ಮತ್ತು ಬಾಲ್ಯದಲ್ಲಿ. ಅನಂತರ ಹೊಸದಾಗಿ ನೇಯುವುದು ಇಲ್ಲವೆಂದೇ ಹೇಳಬೇಕು. ಎಪ್ಪತ್ತು ವರ್ಷದ ಮುದುಕನ ಧಮನಿಯಲ್ಲಿರುವುದು ಅವನ ಬಾಲ್ಯದ ನೂಲು. ಮೂತ್ರಪಿಂಡಗಳಿಂದ ಕೆಳಗಿನ ಮಹಾಧಮನಿಯಲ್ಲಿ ಈ ನೂಲಿನ ಪದರಗಳು ಎದೆಯ ಭಾಗಕ್ಕಿಂತ ಕಡಮೆ. ಉಬ್ಬು ಹೆಚ್ಚಾಗಿ ಬರುವುದೂ ಅಲ್ಲಿಯೇ. 1990ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಇಲಿಯ ಹೊಟ್ಟೆಯ ಮಹಾಧಮನಿಗೆ ಎಲಾಸ್ಟೇಸನ್ನು ಹರಿಸಿದಾಗ ಅದು ಉಬ್ಬಿತು. ಇಪ್ಪತ್ತೈದು ವರ್ಷದ ಹಿಂದೆ ಇಲಿಯ ಶ್ವಾಸಕೋಶದಲ್ಲಿ ಕಂಡದ್ದೇ ಈಗ ಇಲಿಯ ಧಮನಿಯಲ್ಲಿ ಕಂಡಿತು.

ಹೊಗೆ ಇದರಲ್ಲಿ ಎರಡು ಕಡೆಯಿಂದ ಕೆಲಸ ಮಾಡುತ್ತದೆ. ಬಿಳಿ ಕಣಗಳನ್ನು ಕೆರಳಿಸಿ ಕತ್ತರಿಯನ್ನು ಹೊರಗೆ ತರಿಸುತ್ತದೆ. ಕಾವಲಿನವನ ಕೈಯನ್ನೂ ಕಟ್ಟುತ್ತದೆ. ಹೊಗೆಯ ವಿಷ ರಕ್ತದಲ್ಲಿ ಸೇರಿದ ಮೇಲೆ ಎದೆಯಲ್ಲೇ ನಿಲ್ಲಬೇಕೆಂದು ಏನಿದೆ? ದೀರ್ಘಕಾಲದ ಶ್ವಾಸಕೋಶರೋಗವುಳ್ಳವರಲ್ಲಿ ಮಹಾಧಮನಿಯ ಉಬ್ಬು ಉಳಿದವರಿಗಿಂತ ಹೆಚ್ಚೆಂದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಹೊಗೆಯ ಲೆಕ್ಕವನ್ನು ಕಳೆದರೂ ಈ ನಂಟು ಉಳಿಯುತ್ತದೆನ್ನುವವರುಂಟು. ಹೊಗೆಯೇ ಎರಡಕ್ಕೂ ತಾಯಿ, ಬೇರೆ ನಂಟಿಲ್ಲವೆನ್ನುವವರೂ ಉಂಟು. ಈ ವಾದ ಇನ್ನೂ ಮುಗಿದಿಲ್ಲ. ಆದರೆ ರೋಗಿಯ ಪಾಲಿಗೆ ಮುಖ್ಯವಾದ ಮಾತು ಬೇರೆ. 1985ರಲ್ಲಿ ಅಮೆರಿಕದ ಕ್ರೋನೆನ್‌ವೆಟ್ ಮತ್ತು ಸಂಗಡಿಗರು ಸಣ್ಣ ಉಬ್ಬುಗಳನ್ನು ಹಿಂಬಾಲಿಸಿ ನೋಡಿ, ಯಾವುದು ಒಡೆದೀತೆಂದು ಮುಂಚೆಯೇ ಸೂಚಿಸುವ ಮೂರು ಸಂಗತಿಗಳನ್ನು ಹೇಳಿದರು: ಉಬ್ಬಿನ ಗಾತ್ರ, ರಕ್ತದೊತ್ತಡ, ಶ್ವಾಸಕೋಶದ ದೀರ್ಘರೋಗ. 1999ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು, ಒಂದೇ ಉಸಿರಿಗೆ ಜೋರಾಗಿ ಗಾಳಿ ಬಿಡಲಾರದವರ ಉಬ್ಬು ಒಡೆಯುವ ಸಂಭವ ಹೆಚ್ಚೆಂದು ಮತ್ತೆ ತೋರಿಸಿತು. ಎದೆಗೂ ಹೊಟ್ಟೆಗೂ ಏನು ಸಂಬಂಧವೆಂಬ ನಮ್ಮ ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ.

ಐನ್‌ಸ್ಟೈನರನ್ನು ಕೊಂದದ್ದು ಶ್ವಾಸಕೋಶವಲ್ಲ. 1955ರ ಏಪ್ರಿಲ್ 11ರಂದು, ಅಣ್ವಸ್ತ್ರಗಳ ವಿರುದ್ಧ ಬರ್ಟ್ರಂಡ್ ರಸೆಲ್ಲರು ಸಿದ್ಧಪಡಿಸಿದ್ದ ಹೇಳಿಕೆಗೆ ಅವರು ಸಹಿ ಹಾಕಿದರು. ಮರುದಿನ ಹೊಟ್ಟೆನೋವು ಕಾಣಿಸಿಕೊಂಡಿತು. 13ರಂದು ಮನೆಯಲ್ಲಿ ಕುಸಿದರು. ಗೋಡೆ ಸೀಳತೊಡಗಿತ್ತು. ನ್ಯೂಯಾರ್ಕಿನಿಂದ ಫ್ರ್ಯಾಂಕ್ ಗ್ಲೆನ್ ಎಂಬ ಹೆಸರಾಂತ ಶಸ್ತ್ರವೈದ್ಯರು ಬಂದು, ಶಸ್ತ್ರಕ್ರಿಯೆಯೊಂದೇ ಇರುವ ದಾರಿ, ಪ್ರಯತ್ನಿಸೋಣವೆಂದರು. ದ್ಯುಬೊ ದಾರಿ ತೋರಿಸಿ ನಾಲ್ಕು ವರ್ಷವಾಗಿತ್ತು. ಬಟ್ಟೆಯಿಂದ ಹೊಲಿದ ಕೃತಕ ನಾಳಗಳೂ ಆಗತಾನೆ ಬಳಕೆಗೆ ಬರುತ್ತಿದ್ದುವು. ಐನ್‌ಸ್ಟೈನರು ಒಪ್ಪಲಿಲ್ಲ. ಕೃತಕವಾಗಿ ಆಯುಸ್ಸನ್ನು ಎಳೆಯುವುದು ಅವರಿಗೆ ರುಚಿಸಲಿಲ್ಲ. ತಮ್ಮ ಪಾಲಿನ ಕೆಲಸ ಮುಗಿದಿದೆಯೆಂದೂ ಹೊತ್ತು ಬಂದಾಗ ಹೋಗುವುದೇ ಸರಿಯೆಂದೂ ಅವರ ನಿಲುವು. ಇದನ್ನು ಧೈರ್ಯವೆನ್ನಬೇಕೋ ಹಟವೆನ್ನಬೇಕೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಅಂದಿನ ಶಸ್ತ್ರಕ್ರಿಯೆಯಲ್ಲಿ 76 ವರ್ಷದ, ಧಮನಿ ಸೀಳಿದ ರೋಗಿ ಬದುಕುವ ಆಸೆ ಬಲು ಕಡಮೆಯೆಂಬುದನ್ನು ನೆನೆದರೆ, ಅದು ಲೆಕ್ಕ ಬಲ್ಲವನ ನಿರ್ಧಾರವಾಗಿಯೇ ನನಗೆ ತೋರುತ್ತದೆ.

15ರಂದು ಅವರನ್ನು ಪ್ರಿನ್ಸ್‌ಟನ್ ಆಸ್ಪತ್ರೆಗೆ ಸೇರಿಸಿದರು. ಮಲಮಗಳು ಮಾರ್ಗೋಟ್ ಬೇರೊಂದು ಬೇನೆಗಾಗಿ ಅದೇ ಆಸ್ಪತ್ರೆಯಲ್ಲಿದ್ದರು. ಅವರನ್ನು ಗಾಲಿಕುರ್ಚಿಯಲ್ಲಿ ತಂದೆಯ ಬಳಿಗೆ ತಂದರು. ಹಿರಿಯ ಮಗ ಹಾನ್ಸ್ ಆಲ್ಬರ್ಟ್ ಕ್ಯಾಲಿಫೋರ್ನಿಯಾದಿಂದ ಬಂದರು. ಸ್ವಲ್ಪ ಗೆಲುವಾದಾಗ ಕನ್ನಡಕವನ್ನೂ ಲೆಕ್ಕದ ಹಾಳೆಗಳನ್ನೂ ತರಿಸಿಕೊಂಡರು. 18ರ ನಸುಕಿಗೂ ಮುಂಚೆ, ರಾತ್ರಿ ಒಂದೂಕಾಲರ ಸುಮಾರಿಗೆ, ಜರ್ಮನ್ ಭಾಷೆಯಲ್ಲಿ ಏನೋ ನುಡಿದು ಪ್ರಾಣ ಬಿಟ್ಟರು. ಬಳಿಯಲ್ಲಿದ್ದ ದಾದಿಗೆ ಜರ್ಮನ್ ಬರುತ್ತಿರಲಿಲ್ಲ. ಶವಪರೀಕ್ಷೆ ಮಾಡಿದ ವೈದ್ಯ ಥಾಮಸ್ ಹಾರ್ವೆ, ಒಡೆದ ಮಹಾಧಮನಿಯನ್ನು ಕಂಡರು. ಮೆದುಳನ್ನು ಮಾತ್ರ ಎತ್ತಿಟ್ಟುಕೊಂಡರು. ಆ ಮೆದುಳಿನ ಕಥೆಯನ್ನು ಜಗತ್ತು ಇಂದಿಗೂ ಹೇಳುತ್ತಿದೆ. ಕೊಂದ ರಕ್ತನಾಳದ ಕಥೆ ವೈದ್ಯರ ಪುಸ್ತಕಗಳಲ್ಲಿ ಉಳಿಯಿತು: ಒಡೆಯುತ್ತಿರುವ ಉಬ್ಬು ಪಿತ್ತಕೋಶದ ನೋವಿನಂತೆ ವೇಷ ಹಾಕಿದರೆ ಅದನ್ನು ಐನ್‌ಸ್ಟೈನ್ ಲಕ್ಷಣವೆಂದು ಕರೆಯುವುದುಂಟು.

ಇಂದು ಬ್ರಿಟನ್ನಿನಲ್ಲಿ 65 ವರ್ಷ ತುಂಬಿದ ಗಂಡಸರನ್ನೆಲ್ಲ ಹೊಟ್ಟೆಯ ಸ್ಕ್ಯಾನಿಂಗ್‌ಗೆ ಕರೆಯುತ್ತಾರೆ. ಅಮೆರಿಕದಲ್ಲಿ 65ರಿಂದ 75ರೊಳಗಿನ, ಎಂದಾದರೂ ಹೊಗೆಸೊಪ್ಪು ಸೇದಿದ ಗಂಡಸರಿಗೆ ಒಂದು ಸಲ ನೋಡಬೇಕೆಂದು ಸಲಹೆ. ಉಬ್ಬು 5.5 ಸೆಂಟಿಮೀಟರು ಮುಟ್ಟಿದರೆ ಶಸ್ತ್ರಕ್ರಿಯೆಯ ಮಾತು; 1990ರಲ್ಲಿ ಬ್ಯೂನಸ್ ಐರಿಸ್‌ನ ಪರೋಡಿ ತೋರಿಸಿಕೊಟ್ಟಂತೆ, ಹೊಟ್ಟೆ ಸೀಳದೆ ತೊಡೆಯ ಧಮನಿಯ ಮೂಲಕ ಒಳಗಿನಿಂದಲೇ ಕೃತಕ ನಾಳವನ್ನು ಕೂರಿಸುವುದೂ ಈಗ ಸಾಧ್ಯ. ನಮ್ಮ ದೇಶದಲ್ಲಿ ಹಾಗೆ ಎಲ್ಲರನ್ನೂ ಕರೆದು ನೋಡುವ ಏರ್ಪಾಡಿಲ್ಲ. ಏಷ್ಯಾದವರಲ್ಲಿ ಈ ಉಬ್ಬು ಯೂರೋಪಿನವರಿಗಿಂತ ವಿರಳವೆಂಬುದೂ ನಿಜ. ಆದರೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 40 ದಾಟಿದವರ ಪೈಕಿ ನೂರಕ್ಕೆ ಸುಮಾರು 7 ಮಂದಿಗೆ ಶ್ವಾಸಕೋಶದ ದೀರ್ಘರೋಗವಿತ್ತು. ಗಂಡಸರಲ್ಲಿ ಇನ್ನೂ ಹೆಚ್ಚು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳು ನಮಗೆ ದೂರವಲ್ಲ. ಇವರೆಲ್ಲರ ಎದೆಯನ್ನು ಯಾರಾದರೊಬ್ಬರು ಕೇಳಿರುತ್ತಾರೆ. ಹೊಟ್ಟೆ ಮುಟ್ಟಿ ನೋಡಿದವರೆಷ್ಟು ಮಂದಿಯೋ.

ತಾತನ ಸ್ಕ್ಯಾನಿಂಗ್‌ನಲ್ಲಿ 3.4 ಸೆಂಟಿಮೀಟರು ಬಂತು. ಹೆದರಬೇಡಿ, ವರ್ಷಕ್ಕೊಮ್ಮೆ ಬನ್ನಿ, ಬೀಡಿ ಬಿಡಿ ಎಂದರು. ಊರಿಗೆ ಬಂದ ಮೇಲೆ ಜಗಲಿಯ ಮೇಲೆ ಕೂತು ಐನ್‌ಸ್ಟೈನರ ಕಥೆಯನ್ನೆಲ್ಲ ತಾತನಿಗೆ ಹೇಳಿದೆ. ಸೆಲೋಫೇನ್ ಸುತ್ತಿದ್ದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಕೊನೆಗೆ, ಅಷ್ಟು ಓದಿದ ಆ ಅಯ್ಯ ಪೈಪನ್ನು ಏನು ಮಾಡಿದನೆಂದು ಕೇಳಿದರು. ಅವುಗಳಲ್ಲೊಂದು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ, ಕಚ್ಚಿ ಕಚ್ಚಿ ಅದರ ಬಾಯಿ ತೂತಾಗಿದೆ ಎಂದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿವಿಯ ಹಿಂದೆ ಸಿಕ್ಕಿಸಿದ್ದ ಮೋಟು ಬೀಡಿಯನ್ನು ತೆಗೆದು, ಹಚ್ಚದೆ, ಬಾಯಲ್ಲಿಟ್ಟುಕೊಂಡರು.